ಸ್ಥಾವರ–ಜಂಗಮ: ಚಲನತತ್ತ್ವದ ನೆಲೆಯಲ್ಲಿ ನಿಸರ್ಗ, ರಾಜಕಾರಣ ಮತ್ತು ಕಲೆ

೧. ಪ್ರವೇಶ

ಚಲನೆ ಮತ್ತು ನಿಲುವುಗಳನ್ನು ಎದುರುಬದುರಾಗಿ ಇರಿಸಿ ನೋಡುವ ಜೋಡಿಪದಗಳಲ್ಲಿ ಕನ್ನಡ ಓದುಗರಿಗೆ ಅತ್ಯಂತ ಪರಿಚಿತವಾದುದು ‘ಸ್ಥಾವರ–ಜಂಗಮ’. ‘ಸ್ಥಾ’ ಎಂಬ ಧಾತುವಿನಿಂದ ಸ್ಥಾವರವೂ ‘ಗಮ್’ ಎಂಬ ಧಾತುವಿನಿಂದ ಜಂಗಮವೂ ನಿಷ್ಪನ್ನವಾಗಿವೆ. ಅದೇ ‘ಗಮ್’ ಧಾತುವಿಗೆ ಸಂಬಂಧಿಸಿದ ‘ಜಗತ್ತು’ ಎಂಬ ಮಾತಿಗೂ ಚಲಿಸುವಂಥದು ಎಂಬುದೇ ಮೂಲಾರ್ಥ. ‘ಸಂಸಾರ’ ಎಂಬ ಪದದಲ್ಲಿರುವ ‘ಸೃ’ ಧಾತುವಿಗೆ ಹರಿಯುವುದು, ಸಾಗುವುದು ಎಂಬ ಅರ್ಥಗಳಿವೆ. ಆದರೆ ದಿನಬಳಕೆಯಲ್ಲಿ ಈ ಪದಗಳ ಒಳಗಿನ ಚಲನೆ ಮರೆತುಹೋಗಿದೆ. ಜಗತ್ತು ಎಂದರೆ ಅಲುಗದ ನೆಲ, ಸಂಸಾರ ಎಂದರೆ ನೆಲೆನಿಂತ ಮನೆ ಎಂಬ ಭಾವನೆ ಬಲಿತಿದೆ. ಸ್ಥಿರಾಸ್ತಿಗೆ ಇರುವ ಗೌರವ ಚರಾಸ್ತಿಗೆ ಇಲ್ಲ. ‘ನೆಲೆ ಇಲ್ಲದವನು’ ಎಂಬ ಮಾತು ಕೇವಲ ವರ್ಣನೆಯಾಗಿ ಉಳಿಯದೆ ನಿಂದೆಯೂ ಆಗಿದೆ.

ಈ ಮರೆವು ಕೇವಲ ಭಾಷೆಗೆ ಸೀಮಿತವಾದುದಲ್ಲ. ನಿಲುವು ಸಹಜ, ಚಲನೆ ಅದರಿಂದ ಆದ ವಿಚ್ಯುತಿ ಎಂಬ ಪೂರ್ವಗ್ರಹವೊಂದು ತತ್ತ್ವಶಾಸ್ತ್ರ, ನಿಸರ್ಗವಿಜ್ಞಾನ, ರಾಜ್ಯವ್ಯವಸ್ಥೆ ಮತ್ತು ಕಲಾಮೀಮಾಂಸೆಗಳಲ್ಲಿ ದೀರ್ಘಕಾಲ ಕೆಲಸ ಮಾಡಿದೆ. ಇದನ್ನು ಪ್ರಶ್ನಿಸಿ ಚಲನೆಯನ್ನೇ ಆದಿಯಾಗಿ ಇರಿಸಿಕೊಂಡು ವಿಚಾರಮಾಡುವ ಕ್ರಮವನ್ನು ‘ಚಲನತತ್ತ್ವ’ ಎಂದು ಕರೆಯಬಹುದು. ಈ ತತ್ತ್ವದ ಸ್ವರೂಪವನ್ನು ನಿರೂಪಿಸಿ, ನಿಸರ್ಗ, ರಾಜಕಾರಣ ಮತ್ತು ಕಲೆ ಎಂಬ ಮೂರು ನೆಲೆಗಳಲ್ಲಿ ಅದರ ಅನ್ವಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಚಲನೆಗೆ ಕಾರಣ ಕೇಳುವಂತೆ ನಿಲುವಿಗೂ ಕಾರಣ ಕೇಳಬೇಕು ಎಂಬುದು ಈ ಪರಿಶೀಲನೆಯ ಮುಖ್ಯ ಸೂತ್ರವಾಗಿದೆ.

೨. ನಿಲುವಿನ ಪಕ್ಷಪಾತ

ಪ್ರಾಚೀನ ಗ್ರೀಸಿನಲ್ಲಿ ಎಲ್ಲವೂ ಹರಿವಿನಲ್ಲಿದೆ ಎಂಬ ವಿಚಾರಕ್ಕೆ ಹೆರಾಕ್ಲಿಟಸ್ ಪ್ರಸಿದ್ಧನಾದರೆ, ಪಾರ್ಮೆನೈಡಿಸನ ಅನುಯಾಯಿ ಝೀನೋ ಚಲನೆ ತರ್ಕಕ್ಕೆ ನಿಲುಕದೆಂದು ತೋರಿಸಲು ಹಲವು ಸಮಸ್ಯೆಗಳನ್ನು ಒಡ್ಡಿದನು. ಹಾರುತ್ತಿರುವ ಬಾಣವು ಪ್ರತಿಯೊಂದು ಕ್ಷಣದಲ್ಲಿಯೂ ತನ್ನ ಅಳತೆಯಷ್ಟೇ ಜಾಗದಲ್ಲಿರುತ್ತದೆ. ಆ ಕ್ಷಣದಲ್ಲಿ ಅದು ನಿಂತೇ ಇದೆ. ಎಲ್ಲ ಕ್ಷಣಗಳಲ್ಲಿಯೂ ನಿಂತಿರುವ ಬಾಣವು ಚಲಿಸುವುದು ಎಂತು ಎಂಬುದು ಅವುಗಳಲ್ಲಿ ಒಂದು. ಅರಿಸ್ಟಾಟಲ್ ಝೀನೋವನ್ನು ಖಂಡಿಸಿ, ನಿಸರ್ಗವೆಂದರೆ ಚಲನೆ ಮತ್ತು ವಿಶ್ರಾಂತಿಗಳ ಆಂತರಿಕ ಮೂಲವೆಂದು ವ್ಯಾಖ್ಯಾನಿಸಿದನು. ಆದರೂ ಅವನ ವ್ಯವಸ್ಥೆಯಲ್ಲಿ ಕಲ್ಲು ಕೆಳಗೂ ಬೆಂಕಿ ಮೇಲೂ ಸಾಗುವುದು ತಮ್ಮ ‘ಸಹಜಸ್ಥಾನ’ವನ್ನು ಸೇರಿ ನಿಲ್ಲುವುದಕ್ಕಾಗಿ. ವಿಶ್ವದ ಸಮಸ್ತ ಚಲನೆಗೆ ಕೊನೆಯ ಕಾರಣವಾಗಿ ಅವನು ಕಲ್ಪಿಸಿದ್ದು ತಾನು ಚಲಿಸದೆ ಉಳಿದುದನ್ನು ಚಲಿಸುವಂತೆ ಮಾಡುವ ಒಂದು ತತ್ತ್ವವನ್ನು. ಚಲನೆ ಅಪೂರ್ಣ, ನಿಲುವು ಪೂರ್ಣ ಎಂಬ ಶ್ರೇಣಿಯು ಹೀಗೆ ಪಾಶ್ಚಾತ್ಯ ಚಿಂತನೆಯಲ್ಲಿ ನೆಲೆಯೂರಿತು.

ಭಾರತೀಯ ದರ್ಶನಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ರೀತಿಗಳಲ್ಲಿ ಚರ್ಚಿತವಾಗಿದೆ. ವೈಶೇಷಿಕರು ‘ಕರ್ಮ’ವನ್ನು ಒಂದು ಸ್ವತಂತ್ರ ಪದಾರ್ಥವಾಗಿ ಎಣಿಸಿ, ಉತ್ಕ್ಷೇಪಣ, ಅವಕ್ಷೇಪಣ, ಆಕುಂಚನ, ಪ್ರಸಾರಣ, ಗಮನ ಎಂದು ಐದು ಬಗೆಯಾಗಿ ವಿಭಾಗಿಸಿದರು. ನಾಗಾರ್ಜುನನು ‘ಮೂಲಮಧ್ಯಮಕಕಾರಿಕೆ’ಯ ಎರಡನೆಯ ಪ್ರಕರಣವನ್ನು ಗತಿಯ ಪರೀಕ್ಷೆಗೇ ಮೀಸಲಿಟ್ಟನು. ಸಾಗಿಹೋದ ದಾರಿಯಲ್ಲಾಗಲಿ, ಇನ್ನೂ ಸಾಗದ ದಾರಿಯಲ್ಲಾಗಲಿ, ಇವೆರಡರಿಂದ ಬೇರೆಯಾದ ಯಾವುದೋ ಒಂದರಲ್ಲಾಗಲಿ ಗಮನವನ್ನು ಸ್ವತಂತ್ರ ವಸ್ತುವಾಗಿ ಹಿಡಿಯಲಾಗದು ಎಂಬುದು ಅವನ ವಾದದ ಸಾರ. ಇದನ್ನು ಝೀನೋವಿನ ವಾದಕ್ಕೆ ಹೋಲಿಸುವುದುಂಟು. ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು: ನಾಗಾರ್ಜುನನು ಅದೇ ಪರೀಕ್ಷೆಯನ್ನು ಸ್ಥಿತಿಗೂ ಅನ್ವಯಿಸುತ್ತಾನೆ. ಗತಿ ಸ್ವತಂತ್ರವಾಗಿ ಸಿದ್ಧಿಸದಿದ್ದರೆ ಸ್ಥಿತಿಯೂ ಸಿದ್ಧಿಸದು. ಚಲನೆಯನ್ನು ನಿರಾಕರಿಸಿ ನಿಲುವನ್ನು ಉಳಿಸಿಕೊಳ್ಳುವ ಅವಕಾಶ ಅಲ್ಲಿಲ್ಲ.

ಪ್ರಾಚೀನ ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಇನ್ನೂ ಹತ್ತಿರವಾದುದು ಜೈನದರ್ಶನದ ನಿರೂಪಣೆ. ಅದರ ಪ್ರಕಾರ ಜೀವ ಮತ್ತು ಪುದ್ಗಲಗಳ ಗತಿಗೆ ನೆರವಾಗುವುದು ‘ಧರ್ಮ’ವೆಂಬ ದ್ರವ್ಯ; ಸ್ಥಿತಿಗೆ ನೆರವಾಗುವುದು ‘ಅಧರ್ಮ’ವೆಂಬ ದ್ರವ್ಯ. ಇಲ್ಲಿ ಈ ಪದಗಳಿಗೆ ಪುಣ್ಯಪಾಪಗಳ ಅರ್ಥವಿಲ್ಲ. ಮೀನಿನ ಸಂಚಾರಕ್ಕೆ ನೀರು ಹೇಗೋ ಗತಿಗೆ ಧರ್ಮದ್ರವ್ಯ ಹಾಗೆ. ದಾರಿಹೋಕನ ವಿಶ್ರಾಂತಿಗೆ ಮರದ ನೆರಳು ಹೇಗೋ ಸ್ಥಿತಿಗೆ ಅಧರ್ಮದ್ರವ್ಯ ಹಾಗೆ ಎಂದು ಜೈನ ಗ್ರಂಥಗಳು ವಿವರಿಸುತ್ತವೆ. ನೀರು ಮೀನನ್ನು ತಳ್ಳುವುದಿಲ್ಲ. ನೆರಳು ದಾರಿಹೋಕನನ್ನು ಹಿಡಿದು ನಿಲ್ಲಿಸುವುದಿಲ್ಲ. ಎರಡೂ ಉದಾಸೀನ ನಿಮಿತ್ತಗಳು. ಈ ನಿರೂಪಣೆಯ ಭೌತಶಾಸ್ತ್ರೀಯ ಸತ್ಯಾಸತ್ಯತೆ ಏನೇ ಇರಲಿ, ಅದರ ತಾರ್ಕಿಕ ಸಮತೋಲವು ಗಮನಾರ್ಹವಾಗಿದೆ. ಇಲ್ಲಿ ನಿಲುವಿಗೆ ಯಾವ ವಿಶೇಷಾಧಿಕಾರವೂ ಇಲ್ಲ. ಸಾಗುವುದಕ್ಕೆ ಆಸರೆ ಬೇಕಾದಂತೆ ನಿಲ್ಲುವುದಕ್ಕೂ ಆಸರೆ ಬೇಕು.

೩. ಹರಿವು, ಮಡಿಕೆ, ಕ್ಷೇತ್ರ

ಪಶ್ಚಿಮದಲ್ಲಿ ನಿಲುವಿನ ಪಕ್ಷಪಾತಕ್ಕೆ ಹೊರತಾದ ಒಂದು ತೆಳುವಾದ ಧಾರೆಯೂ ಇದೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಲ್ಯಾಟಿನ್ ಕವಿ ಲುಕ್ರೀಷಿಯಸ್ ಎಪಿಕ್ಯೂರಸನ ತತ್ತ್ವವನ್ನು ಕಾವ್ಯವಾಗಿಸುವಾಗ, ಮೂಲಕಣಗಳು ನೇರವಾಗಿ ಬೀಳುತ್ತಿರುವಾಗಲೇ ಎಲ್ಲೋ ಅತಿ ಸೂಕ್ಷ್ಮವಾಗಿ ಓರೆಯಾಗುತ್ತವೆ ಎಂದನು. ಈ ಓರೆ ಇಲ್ಲದಿದ್ದರೆ ಅವು ಮಳೆಹನಿಗಳಂತೆ ಒಂದನ್ನೊಂದು ಸಂಧಿಸದೆ ಬೀಳುತ್ತಲೇ ಇರುತ್ತಿದ್ದವು, ಏನೂ ಹುಟ್ಟುತ್ತಿರಲಿಲ್ಲ. ತರುಣ ಕಾರ್ಲ್ ಮಾರ್ಕ್ಸ್ ೧೮೪೧ರಲ್ಲಿ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧವು ಡೆಮಾಕ್ರಿಟಸ್ ಮತ್ತು ಎಪಿಕ್ಯೂರಸರ ನಿಸರ್ಗತತ್ತ್ವಗಳ ವ್ಯತ್ಯಾಸವನ್ನು ಕುರಿತದ್ದಾಗಿದ್ದು, ಈ ಓರೆಯ ಪ್ರಶ್ನೆಗೆ ಅಲ್ಲಿ ಮುಖ್ಯ ಸ್ಥಾನವಿದೆ. ಫ್ರಾನ್ಸಿನ ಹೆನ್ರಿ ಬರ್ಗ್‌ಸನ್ ೧೮೯೬ರ ‘ಜಡವಸ್ತು ಮತ್ತು ಸ್ಮೃತಿ’ಯಲ್ಲಿಯೂ ೧೯೦೭ರ ‘ಸೃಜನಶೀಲ ವಿಕಾಸ’ದಲ್ಲಿಯೂ ಝೀನೋವಿಗೆ ಉತ್ತರ ಕೊಟ್ಟನು. ಬಾಣವು ಸಾಗಿದ ದಾರಿಯನ್ನು ಎಷ್ಟು ಬಿಂದುಗಳಾಗಿಯಾದರೂ ಒಡೆಯಬಹುದು, ಸಾಗುವಿಕೆಯನ್ನು ಒಡೆಯಲಾಗದು. ದಾರಿಯ ಲಕ್ಷಣವನ್ನು ಚಲನೆಯ ಮೇಲೆ ಆರೋಪಿಸಿದುದೇ ಝೀನೋವಿನ ದೋಷವೆಂಬುದು ಬರ್ಗ್‌ಸನನ ಅಭಿಪ್ರಾಯ.

ಈ ಧಾರೆಯನ್ನು ಇಪ್ಪತ್ತೊಂದನೆಯ ಶತಮಾನದಲ್ಲಿ ವ್ಯವಸ್ಥಿತವಾಗಿ ಮುಂದುವರಿಸಿದವರಲ್ಲಿ ಅಮೆರಿಕದ ತತ್ತ್ವಜ್ಞ ಥಾಮಸ್ ನೇಲ್ ಪ್ರಮುಖರು. ವಲಸಿಗನನ್ನು ಕುರಿತು ೨೦೧೫ರಲ್ಲಿ, ಗಡಿಯನ್ನು ಕುರಿತು ೨೦೧೬ರಲ್ಲಿ, ಇರವು ಮತ್ತು ಚಲನೆಗಳನ್ನು ಕುರಿತು ೨೦೧೮ರಲ್ಲಿ, ಬಿಂಬವನ್ನು ಕುರಿತು ೨೦೧೯ರಲ್ಲಿ ಪ್ರಕಟವಾದ ಅವರ ಗ್ರಂಥಗಳು ಒಂದೇ ಯೋಜನೆಯ ಭಾಗಗಳಾಗಿವೆ. ಪಶ್ಚಿಮದ ಚಿಂತನೆಯು ಇರವನ್ನು ದೇಶ, ನಿತ್ಯತೆ, ಶಕ್ತಿ, ಕಾಲ ಎಂದು ಒಂದೊಂದು ಯುಗದಲ್ಲಿ ಒಂದೊಂದು ಹೆಸರಿನಿಂದ ವಿವರಿಸಿತು. ಈ ನಾಲ್ಕೂ ವಿವರಣೆಗಳ ಬೆನ್ನಿಗೆ ಚಲನೆಯ ನಾಲ್ಕು ವಿನ್ಯಾಸಗಳಿವೆ ಎಂಬುದು ಅವರ ಪ್ರತಿಪಾದನೆ.

ನೇಲ್ ಅವರ ಪರಿಭಾಷೆಯಲ್ಲಿ ಮೂರು ಪದಗಳು ಮುಖ್ಯ. ಮೊದಲನೆಯದು ‘ಹರಿವು’: ದ್ರವ್ಯವು ಎಡೆಬಿಡದೆ ಸಾಗುತ್ತಿರುವುದು. ಎರಡನೆಯದು ‘ಮಡಿಕೆ’: ಹರಿವು ತನ್ನ ಮೇಲೆ ತಾನೇ ತಿರುಗಿ ಬಂದು ತಾತ್ಕಾಲಿಕವಾಗಿ ಒಂದು ಆಕಾರವನ್ನು ಪಡೆಯುವುದು. ಮೂರನೆಯದು ‘ಕ್ಷೇತ್ರ’: ಹಲವು ಮಡಿಕೆಗಳು ಒಂದು ಕ್ರಮದಲ್ಲಿ ಪರಿಚಲಿಸುವುದು. ಹೊಳೆಯ ಸುಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದಡದಿಂದ ನೋಡುವವನಿಗೆ ಸುಳಿಯು ಒಂದೇ ಎಡೆಯಲ್ಲಿ ನಿಂತ ವಸ್ತುವಿನಂತೆ ಕಾಣುತ್ತದೆ. ಅದಕ್ಕೆ ಅಂಚಿದೆ, ನಡುವಿದೆ, ಊರವರು ಅದಕ್ಕೆ ಹೆಸರನ್ನೂ ಇಟ್ಟಿರಬಹುದು. ಆದರೆ ಅದರೊಳಗಿನ ನೀರು ಒಂದು ಕ್ಷಣದಂತೆ ಇನ್ನೊಂದು ಕ್ಷಣ ಇರುವುದಿಲ್ಲ. ಸುಳಿಯ ನಿಲುವು ನೀರಿನ ಹರಿವಿನಿಂದಲೇ ಆದುದು. ಹರಿವು ನಿಂತರೆ ಸುಳಿಯೂ ಇಲ್ಲ. ಈ ಅರ್ಥದಲ್ಲಿ ಸ್ಥಾವರವೆಂಬುದು ಚಲನೆಯ ಅಭಾವವಾಗಿರದೆ ಚಲನೆಯದೇ ಒಂದು ರಚನೆಯಾಗಿದೆ.

೪. ನಿಸರ್ಗದ ನೆಲೆ

ಕಣ್ಣಿಗೆ ಕಾಣುವ ನಿಲುವು ನೋಡುಗನ ನೆಲೆಯನ್ನು ಅವಲಂಬಿಸಿದೆ ಎಂಬುದನ್ನು ಭಾರತದಲ್ಲಿ ಆರ್ಯಭಟನು ಸರಳವಾದ ದೃಷ್ಟಾಂತದಿಂದ ವಿವರಿಸಿದ್ದಾನೆ. ಮುಂದೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಅಚಲ ವಸ್ತುಗಳು ಹಿಂದಕ್ಕೆ ಸರಿದಂತೆ ಕಾಣುತ್ತವೆ. ನಕ್ಷತ್ರಗಳು ಪಶ್ಚಿಮಕ್ಕೆ ಸಾಗುವಂತೆ ಕಾಣುವುದೂ ಹಾಗೆಯೇ. ಕ್ರಿಸ್ತಶಕ ೪೯೯ರ ಕೃತಿಯಾದ ‘ಆರ್ಯಭಟೀಯ’ದ ಈ ಮಾತು ಭೂಮಿಯ ದೈನಿಕ ಭ್ರಮಣವನ್ನು ಸೂಚಿಸುತ್ತದೆ. ಇಂದಿನ ಅಳತೆಯಂತೆ ಸಮಭಾಜಕದ ಮೇಲೆ ನಿಂತವನು ಭೂಮಿಯ ಭ್ರಮಣದೊಡನೆ ಗಂಟೆಗೆ ಸುಮಾರು ೧,೬೭೦ ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುತ್ತಾನೆ. ಭೂಮಿಯು ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು ೩೦ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುತ್ತದೆ.

ಸ್ಥಾವರಗಳಲ್ಲಿ ಸ್ಥಾವರವೆನಿಸಿದ ಪರ್ವತಕ್ಕೂ ಇದು ಅನ್ವಯಿಸುತ್ತದೆ. ಕಾವ್ಯಗಳಲ್ಲಿ ಅಚಲ, ಅಗ ಎಂಬ ಪರ್ಯಾಯನಾಮಗಳನ್ನು ಪಡೆದ ಪರ್ವತಗಳಿಗೆ ಅಧಿರಾಜನೆನಿಸಿದ ಹಿಮಾಲಯವು ಭಾರತದ ಭೂಫಲಕವು ಉತ್ತರಕ್ಕೆ ಸಾಗಿ ಯುರೇಷಿಯಾ ಫಲಕವನ್ನು ತಾಗಿದುದರಿಂದ ಎದ್ದದ್ದು. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಆರಂಭವಾದ ಈ ಘರ್ಷಣೆ ಇನ್ನೂ ಮುಗಿದಿಲ್ಲ. ಭಾರತದ ಫಲಕವು ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಷ್ಟು ಈಗಲೂ ಸರಿಯುತ್ತಿದೆ. ದಖನ್ನಿನ ಕಪ್ಪುಶಿಲೆಯು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅಣುಮಟ್ಟದಲ್ಲಿಯೂ ಸ್ಥಿತಿ ಭಿನ್ನವಾಗಿಲ್ಲ. ೧೮೨೭ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ನೀರಿನಲ್ಲಿ ತೇಲುವ ಪರಾಗದ ಸೂಕ್ಷ್ಮಕಣಗಳು ಬಿಡುವಿಲ್ಲದೆ ಅಡ್ಡಾದಿಡ್ಡಿಯಾಗಿ ತುಯ್ಯುವುದನ್ನು ಗಮನಿಸಿದನು. ಕಣ್ಣಿಗೆ ಕಾಣದ ಅಣುಗಳ ತಾಡನವೇ ಇದಕ್ಕೆ ಕಾರಣವೆಂದು ಐನ್‌ಸ್ಟೈನ್ ೧೯೦೫ರಲ್ಲಿ ಗಣಿತದಿಂದ ನಿರೂಪಿಸಿದನು. ನಿಶ್ಚಲವಾಗಿ ಕಾಣುವ ಬಟ್ಟಲಿನ ನೀರು ಒಳಗೆ ನಿಶ್ಚಲವಾಗಿರಲಿಲ್ಲ.

ಇಂಥ ಸಂಗತಿಗಳು ವಿಜ್ಞಾನದ ಪಾಠಗಳಲ್ಲಿ ಪರಿಚಿತವಾಗಿದ್ದರೂ ವ್ಯವಹಾರದಲ್ಲಿ ನಿಸರ್ಗವನ್ನು ಸ್ಥಾವರವೆಂದೇ ಬಗೆಯಲಾಗುತ್ತದೆ. ಮುಂಬಯಿಯ ಉದಾಹರಣೆ ಇಲ್ಲಿ ಪ್ರಸ್ತುತ. ಏಳು ದ್ವೀಪಗಳ ನಡುವಣ ಕಡಲನ್ನು ತುಂಬಿ ಒಂದುಗೂಡಿಸಿದ ನೆಲದಿಂದ ಬೆಳೆದ ಈ ನಗರದಲ್ಲಿ ಮಿಠಿ ನದಿಯನ್ನು ನಕ್ಷೆಯ ಮೇಲಿನ ಒಂದು ಗೆರೆಯೆಂದು ಭಾವಿಸಿ ಅದರ ಪಾತ್ರವನ್ನು ಕಿರಿದುಗೊಳಿಸಲಾಯಿತು. ಉಬ್ಬರವಿಳಿತದ ನೀರಿಗೆ ಎಡೆಗೊಡುತ್ತಿದ್ದ ಕಾಂಡ್ಲಾಕಾಡಿನ ಜೌಗುನೆಲವನ್ನು ಹಲವೆಡೆ ತುಂಬಲಾಯಿತು. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜ಼್‌ನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿದಾಗ ನದಿಯು ತನ್ನ ಹಳೆಯ ಹರವನ್ನು ಮತ್ತೆ ಆವರಿಸಿತು. ಅಷ್ಟು ಮಳೆಯನ್ನು ಯಾವ ನಗರವೂ ಸುಲಭವಾಗಿ ತಾಳಿಕೊಳ್ಳಲಾರದು ಎಂಬುದು ನಿಜ. ಆದರೆ ನದಿ ಎಂದರೆ ಒಂದು ದಿನ ಕಂಡ ನೀರಿನ ಅಗಲವಾಗಿರದೆ, ಮಳೆ, ಉಬ್ಬರ, ಹೂಳು, ದಡಗಳೆಲ್ಲ ಸೇರಿದ ಪರಿಚಲನೆಯ ಕ್ಷೇತ್ರ ಎಂಬ ತಿಳಿವಳಿಕೆ ಇದ್ದಿದ್ದರೆ ಹಾನಿ ಕಡಿಮೆಯಾಗುತ್ತಿತ್ತು ಎಂಬುದೂ ಅಷ್ಟೇ ನಿಜ. ತತ್ತ್ವದ ದೋಷವು ನೆಲದ ಮೇಲೆ ಪ್ರಾಣಹಾನಿಯಾಗಿ ಪರಿಣಮಿಸಬಲ್ಲದು.

೫. ರಾಜಕಾರಣದ ನೆಲೆ

ರಾಜ್ಯಶಾಸ್ತ್ರವು ಸಾಮಾನ್ಯವಾಗಿ ನೆಲೆಸಿದ ಪ್ರಜೆಯನ್ನು ಮಾದರಿಯಾಗಿ ಇರಿಸಿಕೊಳ್ಳುತ್ತದೆ. ವಲಸಿಗನು ಆ ಮಾದರಿಗೆ ಕೊರತೆಯಾಗಿ ಕಾಣುತ್ತಾನೆ: ಅವನಿಗೆ ಊರಿಲ್ಲ, ದಾಖಲೆಯಿಲ್ಲ, ಮತವಿಲ್ಲ. ನೇಲ್ ಈ ಕ್ರಮವನ್ನು ತಿರುವಿ ಹಾಕಿ, ಸಮಾಜಗಳು ಜನರನ್ನು ಹೊರದೂಡುವ ಮೂಲಕವೇ ವಿಸ್ತಾರಗೊಂಡಿವೆ ಎನ್ನುತ್ತಾರೆ. ಅಲೆಮಾರಿ, ‘ಬರ್ಬರ’, ಪರದೇಶಿ, ಕೂಲಿಕಾರ್ಮಿಕ ಎಂಬ ನಾಲ್ವರು ಅವರ ಪ್ರಕಾರ ಕ್ರಮವಾಗಿ ನೆಲದಿಂದ, ರಾಜಕೀಯ ಸ್ಥಾನದಿಂದ, ಕಾನೂನಿನ ರಕ್ಷಣೆಯಿಂದ ಮತ್ತು ಉತ್ಪಾದನ ಸಾಧನಗಳಿಂದ ಹೊರದೂಡಲ್ಪಟ್ಟವರು. ಇಂಗ್ಲೆಂಡಿನಲ್ಲಿ ಸಾಮೂಹಿಕ ನೆಲಗಳಿಗೆ ಬೇಲಿ ಬಿದ್ದು ರೈತರು ಬೀದಿಗೆ ಬಂದ ಕಾಲದಲ್ಲಿಯೇ ಅಲೆದಾಟವನ್ನು ಅಪರಾಧವಾಗಿಸುವ ಶಾಸನಗಳೂ ಬಂದವು. ೧೫೪೭ರ ಶಾಸನವು ದುಡಿಯದೆ ಅಲೆಯುವವನಿಗೆ ಕಾಯಿಸಿದ ಕಬ್ಬಿಣದಿಂದ ಮುದ್ರೆಯೊತ್ತಿ ಎರಡು ವರ್ಷ ಗುಲಾಮನನ್ನಾಗಿಸಲು ಅವಕಾಶ ಕೊಟ್ಟಿತ್ತು. ನೆಲೆಯನ್ನು ಕಿತ್ತುಕೊಂಡ ವ್ಯವಸ್ಥೆಯೇ ನೆಲೆಯಿಲ್ಲದ ತಪ್ಪಿಗೆ ಶಿಕ್ಷೆಯನ್ನೂ ವಿಧಿಸಿತು.

ಇದೇ ದೃಷ್ಟಿಯು ವಸಾಹತು ಆಡಳಿತದ ಮೂಲಕ ಭಾರತಕ್ಕೂ ಬಂದಿತು. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡಿಯ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಲು ಅನುವುಮಾಡಿತು; ೧೯೧೧ರಲ್ಲಿ ಅದರ ವ್ಯಾಪ್ತಿ ದಕ್ಷಿಣದ ಪ್ರಾಂತಗಳಿಗೂ ಹಬ್ಬಿತು. ಹೀಗೆ ಪಟ್ಟಿಗೆ ಸೇರಿದವರಲ್ಲಿ ಹೇರುಗಟ್ಟಿ ಉಪ್ಪು, ಧಾನ್ಯಗಳನ್ನು ಸಾಗಿಸುತ್ತಿದ್ದ ಸಂಚಾರಿ ಸಮುದಾಯಗಳೂ ಇದ್ದವು. ರೈಲುದಾರಿಗಳು ಬಂದು ಅವರ ಕಸುಬನ್ನು ಕಸಿದಿದ್ದವು. ಆ ಬಳಿಕ ಅವರ ಸಂಚಾರವೇ ಸಂಶಯಕ್ಕೆ ಆಸ್ಪದವಾಯಿತು. ಹಾಜರಿ, ರಹದಾರಿ ಚೀಟಿ ಮತ್ತು ಕಾವಲಿನ ವಸತಿಗಳು ಈ ಕಾಯಿದೆಯ ಸಾಧನಗಳಾಗಿದ್ದವು. ಅಂದಿನ ಮುಂಬಯಿ ಪ್ರಾಂತದಲ್ಲಿ ಸೊಲ್ಲಾಪುರ, ವಿಜಾಪುರ, ಹುಬ್ಬಳ್ಳಿಗಳಲ್ಲಿ ಇಂಥ ವಸತಿಗಳು ಸ್ಥಾಪಿತವಾದವು. ಹುಬ್ಬಳ್ಳಿಯಲ್ಲಿ ‘ಸೆಟಲ್‌ಮೆಂಟ್’ ಎಂಬ ಮಾತು ಒಂದು ಬಡಾವಣೆಯ ಹೆಸರಾಗಿಯೇ ಉಳಿದುಕೊಂಡಿತು. ನೆಲೆಗೊಳಿಸುವಿಕೆ ಎಂಬ ಅರ್ಥದ ಆ ಮಾತು ತಂತಿಬೇಲಿಯ ಒಳಗಿನ ಬಾಳನ್ನು ಸೂಚಿಸಿತು ಎಂಬುದನ್ನು ಗಮನಿಸಬೇಕು. ಕಾಯಿದೆಯು ೧೯೫೨ರ ಆಗಸ್ಟ್ ೩೧ರಂದು ಕೊನೆಗೊಂಡಿತಾದರೂ ಅದು ಹಚ್ಚಿದ ಕಳಂಕ ಅಷ್ಟು ಸುಲಭವಾಗಿ ಅಳಿಯಲಿಲ್ಲ.

ಸ್ವತಂತ್ರ ಭಾರತದ ಜನಜೀವನದಲ್ಲಿ ಚಲನೆಯ ಪ್ರಮಾಣ ಎಷ್ಟೆಂಬುದನ್ನು ಜನಗಣತಿಯ ಅಂಕಿಅಂಶಗಳು ತಿಳಿಸುತ್ತವೆ. ೨೦೧೧ರ ಜನಗಣತಿಯ ಪ್ರಕಾರ ದೇಶದಲ್ಲಿ ವಲಸೆ ಬಂದವರೆಂದು ಎಣಿಕೆಯಾದವರು ೪೫ ಕೋಟಿಗೂ ಅಧಿಕ. ಎಂದರೆ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಇವರಲ್ಲಿ ಬಹುಪಾಲು ಮಹಿಳೆಯರು. ಅವರ ವಲಸೆಗೆ ಅತಿ ದೊಡ್ಡ ಕಾರಣ ಮದುವೆ. ಹುಟ್ಟಿದ ಮನೆಯಿಂದ ಕೊಟ್ಟ ಮನೆಗೆ ಹೋಗುವುದನ್ನು ವಲಸೆ ಎಂದು ಸಮಾಜವು ಕರೆಯುವುದೇ ಇಲ್ಲ. ಮನೆತನವೆಂಬ ಸ್ಥಾವರವು ಪೀಳಿಗೆಯಿಂದ ಪೀಳಿಗೆಗೆ ಒಂದೇ ಊರಿನಲ್ಲಿ ನಿಂತಿರಬೇಕಾದರೆ ಪ್ರತಿ ಪೀಳಿಗೆಯಲ್ಲಿಯೂ ಹೆಣ್ಣು ಚಲಿಸಬೇಕಾಗಿದೆ. ಒಬ್ಬರ ನಿಲುವು ಇನ್ನೊಬ್ಬರ ಚಲನೆಯಿಂದ ಸಿದ್ಧಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ನಗರಗಳ ನಿಲುವೂ ಇಂಥದೇ. ೨೦೨೦ರ ಮಾರ್ಚ್ ೨೫ರಿಂದ ಕೊರೋನಾ ಸೋಂಕಿನ ಕಾರಣ ದೇಶಾದ್ಯಂತ ಸಂಚಾರ ಸ್ಥಗಿತಗೊಂಡಾಗ, ನಗರಗಳನ್ನು ಕಟ್ಟಿದ ಕೂಲಿಕಾರರು ನೂರಾರು ಮೈಲಿ ನಡೆದು ಊರುಗಳಿಗೆ ಹೊರಟರು. ಎಲ್ಲರಿಗೂ ‘ಮನೆಯಲ್ಲಿಯೇ ಇರಿ’ ಎಂಬ ಆದೇಶ ಒಂದೇ ಆಗಿದ್ದರೂ ಇರಲು ಮನೆ, ಉಣ್ಣಲು ಅನ್ನ ಎಂಬ ಆಸರೆಗಳು ಎಲ್ಲರಿಗೂ ಒಂದೇ ಆಗಿರಲಿಲ್ಲ. ಆ ವರ್ಷ ಮೇ ಮೊದಲ ವಾರದಲ್ಲಿ ಕರ್ನಾಟಕ ಸರ್ಕಾರವು ಕಾರ್ಮಿಕರನ್ನು ಊರಿಗೆ ಕರೆದೊಯ್ಯಬೇಕಿದ್ದ ವಿಶೇಷ ರೈಲುಗಳನ್ನು ರದ್ದುಗೊಳಿಸಲು ಕೋರಿ, ವ್ಯಾಪಕ ಟೀಕೆಯ ಬಳಿಕ ಆ ನಿರ್ಧಾರವನ್ನು ಕೈಬಿಟ್ಟಿತು. ಹೋಗಗೊಡದೆ ಹಿಡಿದಿರಿಸುವುದೂ ಹೊರದೂಡುವಷ್ಟೇ ಬಲಾತ್ಕಾರವೆಂಬುದು ಆಗ ಸ್ಪಷ್ಟವಾಯಿತು. ಭಾರತದ ಸಂವಿಧಾನವು ತನ್ನ ೧೯ನೆಯ ಅನುಚ್ಛೇದದಲ್ಲಿ ದೇಶದೊಳಗೆ ಮುಕ್ತವಾಗಿ ಸಂಚರಿಸುವ ಹಕ್ಕನ್ನೂ ಎಲ್ಲಿಯಾದರೂ ವಾಸಿಸಿ ನೆಲೆಸುವ ಹಕ್ಕನ್ನೂ ಅಕ್ಕಪಕ್ಕದಲ್ಲಿ ಇರಿಸಿದೆ. ಗತಿ ಮತ್ತು ಸ್ಥಿತಿಗಳೆರಡಕ್ಕೂ ಆಸರೆ ಬೇಕೆಂಬ ಹಿಂದಿನ ವಿಚಾರವು ಇಲ್ಲಿ ಪ್ರಜೆಯ ಹಕ್ಕಿನ ರೂಪವನ್ನು ಪಡೆದಿದೆ.

೬. ಕಲೆಯ ನೆಲೆ

ಕಲೆಯನ್ನು ಕುರಿತ ಚರ್ಚೆಯಲ್ಲಿ ಕೃತಿಯನ್ನು ಸಿದ್ಧವಸ್ತುವಾಗಿ, ಅದು ಹೊರಗಿನ ಯಾವುದೋ ಒಂದರ ಪ್ರತಿಕೃತಿಯಾಗಿ ಕಾಣುವ ರೂಢಿಯಿದೆ. ಚಲನತತ್ತ್ವದ ಪ್ರಕಾರ ಬಿಂಬವೂ ದ್ರವ್ಯದ ಒಂದು ಚಲನೆಯೇ. ಧ್ವನಿ, ಬೆಳಕು, ಮೈ, ಬಣ್ಣ, ಓಲೆಗರಿಗಳು ಯಾವ ಕ್ರಮದಲ್ಲಿ ಸಂಚರಿಸಿ ಕೃತಿಯಾದವು, ಹೇಗೆ ಮತ್ತೆ ಮತ್ತೆ ಕೃತಿಯಾಗುತ್ತಿವೆ ಎಂಬುದು ಇಲ್ಲಿನ ಪ್ರಶ್ನೆ.

ಚಲನಚಿತ್ರದ ಉದಾಹರಣೆಯಿಂದ ಆರಂಭಿಸಬಹುದು. ಲ್ಯೂಮಿಯೇರ್ ಸೋದರರ ಚಿತ್ರಗಳು ಭಾರತದಲ್ಲಿ ಮೊದಲು ಪ್ರದರ್ಶಿತವಾದುದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ, ೧೮೯೬ರ ಜುಲೈ ೭ರಂದು. ಹೊಸ ಕಲೆಯ ಹೆಸರೇ ಚಲನೆಯನ್ನು ಸಾರುತ್ತಿದ್ದರೂ ಬರ್ಗ್‌ಸನ್ ೧೯೦೭ರಲ್ಲಿ ಅದನ್ನು ಬುದ್ಧಿಯ ದೋಷಕ್ಕೆ ದೃಷ್ಟಾಂತವಾಗಿ ಬಳಸಿದನು. ನಿಂತ ಚಿತ್ರಗಳನ್ನು ಸಾಲಾಗಿ ಜೋಡಿಸಿದ ಸುರುಳಿಯಲ್ಲಿ ಚಲನೆಯಿಲ್ಲ. ಚಲನೆ ಇರುವುದು ಸುರುಳಿಯನ್ನು ತಿರುಗಿಸುವ ಯಂತ್ರದಲ್ಲಿ. ಬುದ್ಧಿಯೂ ಹೀಗೆಯೇ ಹರಿವನ್ನು ತುಣುಕುಗಳಾಗಿ ಹಿಡಿದು ಆ ಬಳಿಕ ಹೊರಗಿನಿಂದ ಚಲನೆಯನ್ನು ಸೇರಿಸುತ್ತದೆ ಎಂಬುದು ಅವನ ಆಕ್ಷೇಪ. ಈ ಆಕ್ಷೇಪವು ಸಾಹಿತ್ಯಾಭ್ಯಾಸಕ್ಕೂ ಸಲ್ಲುತ್ತದೆ. ಮುದ್ರಿತ ಪಾಠವನ್ನಷ್ಟೇ ಕೃತಿಯೆಂದು ತಿಳಿದರೆ ಅದನ್ನು ಹೊತ್ತು ತಂದ ದನಿಗಳು, ಕೈಗಳು, ದಾರಿಗಳು ಕಾಣೆಯಾಗುತ್ತವೆ.

ಯಕ್ಷಗಾನದಲ್ಲಿ ಈ ದಾರಿಗಳು ಕಾಣೆಯಾಗಿಲ್ಲ. ಮೇಳಗಳ ವಾರ್ಷಿಕ ಕಲಾಪಕ್ಕೆ ಕರಾವಳಿಯಲ್ಲಿ ‘ತಿರುಗಾಟ’ ಎಂದೇ ಹೆಸರು. ಮಳೆಗಾಲ ಕಳೆದ ಮೇಲೆ ಹೊರಡುವ ಮೇಳವು ತುಳುನಾಡಿನಲ್ಲಿ ಮೇ ತಿಂಗಳ ಪತ್ತನಾಜೆಯವರೆಗೆ ಊರಿಂದೂರಿಗೆ ಸಾಗುತ್ತದೆ. ಗದ್ದೆಯಲ್ಲಿ ಅಥವಾ ಬಯಲಿನಲ್ಲಿ ಒಂದು ರಾತ್ರಿಗಾಗಿ ರಂಗಸ್ಥಳ ಏಳುತ್ತದೆ, ಬೆಳಗಿಗೆ ಇಲ್ಲವಾಗುತ್ತದೆ. ಪ್ರಸಂಗದ ಪದ್ಯ ಸಿದ್ಧವಾಗಿದ್ದರೂ ಅರ್ಥಧಾರಿಯ ಮಾತು ಆಯಾ ರಾತ್ರಿ ಎದುರು ಪಾತ್ರದ ಮಾತಿಗೆ ತಕ್ಕಂತೆ ಹುಟ್ಟುತ್ತದೆ. ಆದರೆ ಇದು ಅಂಕೆಯಿಲ್ಲದ ಚಲನೆಯಲ್ಲ. ಭಾಗವತನ ತಾಳ, ತಿಟ್ಟುಗಳ ಕಟ್ಟು, ವೇಷದ ಬಣ್ಣಗಾರಿಕೆ ಎಲ್ಲವೂ ಗೊತ್ತುಪಾಡಿಗೆ ಒಳಪಟ್ಟಿವೆ. ‘ಸಂಪ್ರದಾಯ’ ಎಂದು ಕರೆಯಲಾಗುವ ಈ ಸ್ಥಿರತೆ ಎಲ್ಲಿಯೂ ಒಂದೆಡೆ ಕೂಡಿಟ್ಟ ವಸ್ತುವಾಗಿ ಇಲ್ಲ. ಪ್ರತಿ ರಾತ್ರಿಯೂ ಮೈಯಲ್ಲಿ ಮತ್ತೆ ನಡೆದುಬರುವುದರಿಂದಲೇ ಅದು ಇದೆ. ಸುಳಿಯ ದೃಷ್ಟಾಂತವು ಇಲ್ಲಿ ಅಕ್ಷರಶಃ ಒಪ್ಪುತ್ತದೆ. ಮೇಳಗಳು ಮುಂಬಯಿಗೂ ಬಂದು ಪ್ರದರ್ಶನ ನೀಡುವುದು, ಇಲ್ಲಿಯೇ ಹವ್ಯಾಸಿ ತಂಡಗಳು ಬೆಳೆದುದು ಆ ತಿರುಗಾಟದ ಇನ್ನೊಂದು ಸುತ್ತು.

ಮುಂಬಯಿ ಕನ್ನಡ ಸಾಹಿತ್ಯವನ್ನೂ ಈ ನೆಲೆಯಲ್ಲಿ ಓದಬಹುದು. ಹಗಲು ಹೋಟೆಲುಗಳಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರ ಒಂದು ಇತಿಹಾಸ ಈ ನಗರಕ್ಕಿದೆ. ಅವರ ಪಾಲಿಗೆ ಶಾಲೆ ಎಂಬುದು ಜೈನದೃಷ್ಟಾಂತದ ನೆರಳಿನಂತೆ ಸ್ಥಿತಿಗೆ ನೆರವಾದ ತಾಣ. ಯಶವಂತ ಚಿತ್ತಾಲರ ‘ಶಿಕಾರಿ’ (೧೯೭೯) ಕಾದಂಬರಿಯ ನಾಗಪ್ಪನು ಮೇಲುನೋಟಕ್ಕೆ ನೆಲೆ ಕಂಡುಕೊಂಡ ಮನುಷ್ಯ. ಆದರೆ ಉದ್ಯೋಗಕ್ಕೆ ಕುತ್ತು ಬಂದೊಡನೆ ಆ ನೆಲೆಯು ಎಷ್ಟು ಜನರ ಲೆಕ್ಕಾಚಾರಗಳ ನಡೆಗಳಿಂದ ಕಟ್ಟಲ್ಪಟ್ಟಿತ್ತು ಎಂಬುದು ಬಯಲಾಗುತ್ತದೆ. ಜಯಂತ ಕಾಯ್ಕಿಣಿಯವರ ‘ತೂಫಾನ್ ಮೇಲ್’ (೨೦೦೫) ಸಂಕಲನದ ಶೀರ್ಷಿಕೆಯೇ ಒಂದು ರೈಲಿನ ಹೆಸರು. ಅವರ ಮುಂಬಯಿಯು ಓಡುವ ನಗರದ ನಡುವೆ ಕ್ಷಣಕಾಲ ಸಂಧಿಸುವ ಅಪರಿಚಿತರ ಆಪ್ತತೆಯನ್ನು ಬಗೆಬಗೆಯಾಗಿ ತೋರಿಸುತ್ತದೆ. ಈ ಸಾಹಿತ್ಯವನ್ನು ‘ಹೊರನಾಡ’ ಸಾಹಿತ್ಯವೆಂದು ಕರೆಯುವಾಗ ನಾಡೆಂಬ ಸ್ಥಾವರವನ್ನು ನಡುವಿನಲ್ಲಿ ಇರಿಸಿ ಉಳಿದುದನ್ನು ಅಂಚಿಗೆ ಸರಿಸಿದಂತಾಗುತ್ತದೆ. ಚಲನೆಯನ್ನು ನಡುವಿಗೆ ತಂದರೆ, ಆಧುನಿಕ ಕನ್ನಡದ ಒಂದು ಮುಖ್ಯ ಅನುಭವ ಮೊದಲು ರೂಪುಗೊಂಡ ತಾಣಗಳಲ್ಲಿ ಮುಂಬಯಿಯೂ ಒಂದು ಎಂದು ಹೇಳಬೇಕಾಗುತ್ತದೆ.

೭. ಜಂಗಮವೂ ಸ್ಥಾವರವಾಗುವ ಬಗೆ

ಇಷ್ಟರಿಂದ ಚಲನೆಯೇ ಶ್ರೇಷ್ಠ, ನಿಲುವು ಹೀನ ಎಂಬ ತೀರ್ಮಾನಕ್ಕೆ ಬರುವುದು ಸರಿಯಾಗದು. ಸಿರಿವಂತರ ಗುಡಿಗಟ್ಟಡಕ್ಕೆ ಪ್ರತಿಯಾಗಿ ಶರೀರವನ್ನೇ ಗುಡಿಯಾಗಿ ಕಂಡು, ಸ್ಥಾವರವು ನಶ್ವರವೆಂದೂ ಜಂಗಮವು ಅನಶ್ವರವೆಂದೂ ಸಾರುವ ಬಸವಣ್ಣನವರ ಪ್ರಸಿದ್ಧ ವಚನವನ್ನು ಹಲವು ವೇಳೆ ಇಂಥ ತೀರ್ಮಾನಕ್ಕೆ ಆಧಾರವಾಗಿ ಬಳಸಲಾಗುತ್ತದೆ. ಎ. ಕೆ. ರಾಮಾನುಜನ್ ೧೯೭೩ರಲ್ಲಿ ಪ್ರಕಟಿಸಿದ ವಚನಗಳ ಇಂಗ್ಲಿಷ್ ಅನುವಾದದ ಪ್ರಸ್ತಾವನೆಯಲ್ಲಿ ಈ ವಚನವನ್ನು ವಿಸ್ತಾರವಾಗಿ ವಿಶ್ಲೇಷಿಸಿ ಈ ದ್ವಂದ್ವಕ್ಕೆ ಜಗತ್ತಿನ ಗಮನವನ್ನು ಸೆಳೆದರು. ಆದರೆ ವಚನದ ರಚನೆಯನ್ನು ಸೂಕ್ಷ್ಮವಾಗಿ ಗಮನಿಸಿದರೆ, ಅಲ್ಲಿ ಕಟ್ಟಡದ ಅಂಗಗಳು ಶರೀರದ ಅಂಗಗಳೊಡನೆ ಒಂದೊಂದಾಗಿ ಹೊಂದಿಕೊಂಡಿವೆ. ಗುಡಿಯ ಕಲ್ಪನೆಯನ್ನು ಬಿಸುಡದೆ ಅದನ್ನು ನಡೆದಾಡುವ ಮೈಯೊಳಕ್ಕೆ ತರಲಾಗಿದೆ. ಪ್ರಶ್ನಿಸಲ್ಪಟ್ಟಿರುವುದು ನಿಲುವಿನ ಅಹಂಕಾರ, ಸಿರಿಯೊಡನೆ ಅದಕ್ಕಿರುವ ನಂಟು.

ಚರಿತ್ರೆಯಲ್ಲಿ ಜಂಗಮವೆ ಸ್ಥಾವರವಾದುದನ್ನೂ ಮರೆಯುವಂತಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಒಂದು ತತ್ತ್ವವಾಗಿದ್ದ ಜಂಗಮವು ಕಾಲಾಂತರದಲ್ಲಿ ಹುಟ್ಟಿನಿಂದ ಬರುವ ಜಾತಿಯ ಹೆಸರೂ ಆಯಿತು. ಸಂಚಾರಿ ಗುರುಗಳ ಪರಂಪರೆ ಆಸ್ತಿಪಾಸ್ತಿಗಳಿರುವ ಮಠಗಳಾಗಿಯೂ ಬೆಳೆಯಿತು. ಇದನ್ನು ಬರಿಯ ಪತನವೆಂದು ಕರೆಯುವುದೂ ಏಕಪಕ್ಷೀಯವಾದೀತು. ಕಲ್ಯಾಣದಿಂದ ಚದುರಿದ ಶರಣರ ವಚನಗಳು ಓಲೆಗರಿಗಳಲ್ಲಿ ಉಳಿದು, ಹದಿನೈದನೆಯ ಶತಮಾನದ ವಿಜಯನಗರದ ಕಾಲದಲ್ಲಿ ಸಂಕಲನಗೊಂಡು, ಫ. ಗು. ಹಳಕಟ್ಟಿಯವರ ಕೈಗೆ ಸಿಕ್ಕುವವರೆಗೆ ಅವುಗಳಿಗೆ ಆಸರೆಯಾದವುಗಳಲ್ಲಿ ಮಠಗಳೂ ಮನೆಗಳೂ ಇದ್ದವು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಕೂಡಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಕಾಪಿಟ್ಟವರ ನಿಲುವು, ಅರಸಿ ಹೊರಟವರ ಚಲನೆ ಎರಡೂ ಇಲ್ಲದಿದ್ದರೆ ಜಂಗಮದ ತತ್ತ್ವವು ಇಂದಿನ ಓದುಗನನ್ನು ತಲುಪುತ್ತಲೇ ಇರಲಿಲ್ಲ.

ನೇಲ್ ಅವರ ಸಿದ್ಧಾಂತಕ್ಕೂ ಮಿತಿಗಳಿವೆ. ಅದು ಮುಖ್ಯವಾಗಿ ಪಾಶ್ಚಾತ್ಯ ಇತಿಹಾಸದ ಸಾಮಗ್ರಿಯನ್ನು ಆಧರಿಸಿದೆ. ಜಾತಿಯಂಥ ವ್ಯವಸ್ಥೆ ಚಲನೆಯನ್ನು ನಿಯಂತ್ರಿಸುವ ಬಗೆಗೆ ಅದರಲ್ಲಿ ಸಿದ್ಧ ಉತ್ತರವಿಲ್ಲ. ಊರ ಬಾವಿಗೆ, ಗುಡಿಗೆ, ಬೀದಿಗೆ ಯಾರು ಬರಬಹುದು, ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಗೊತ್ತುಪಡಿಸಿದ ಅಸ್ಪೃಶ್ಯತೆಯ ಆಚರಣೆ ಊರಿನೊಳಗೇ ಎಳೆದ ಗಡಿ. ದೇಶಗಳ ಗಡಿಯನ್ನು ದಾಟಿ ಬಂಡವಾಳವು ಸುಲಭವಾಗಿ ಸಾಗುವಾಗ, ಊರ ಬೀದಿಯನ್ನು ದಾಟಲು ಕೆಲವರು ಹೋರಾಡಬೇಕಾಗಿ ಬಂದುದು ಒಂದೇ ಶತಮಾನದ ಸಂಗತಿಗಳು. ಹೀಗಾಗಿ ಎಷ್ಟು ಚಲನೆಯಿದೆ ಎಂದು ಅಳೆಯುವುದರಿಂದ ಏನೂ ಸಿದ್ಧಿಸದು. ಯಾರ ಚಲನೆ, ಯಾರ ಇಚ್ಛೆಯಿಂದ, ಯಾರ ನಿಲುವಿಗಾಗಿ ಎಂಬ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.

೮. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಸಂಗತಿಗಳು ಸ್ಪಷ್ಟಪಡುತ್ತವೆ. ಮೊದಲನೆಯದಾಗಿ, ನಿಸರ್ಗದಲ್ಲಿ ನಿಲುವೆಂಬುದು ಚಲನೆಯ ಒಂದು ವಿನ್ಯಾಸ. ಪರ್ವತ, ನದಿ, ನಗರಗಳ ಬಗೆಗಿನ ಯೋಜನೆಗಳು ಇದನ್ನು ಅರಿತು ರೂಪುಗೊಳ್ಳಬೇಕು. ಎರಡನೆಯದಾಗಿ, ಸಮಾಜದಲ್ಲಿ ಕೆಲವರ ನೆಲೆಯು ಇತರರ ಚಲನೆಯ ಮೇಲೆ ನಿಂತಿದೆ. ಚಲಿಸುವವರನ್ನು ಕೊರತೆಯುಳ್ಳವರೆಂದು ಕಾಣುವ ದೃಷ್ಟಿಯು ಈ ಋಣವನ್ನು ಮುಚ್ಚಿಡುತ್ತದೆ. ಮೂರನೆಯದಾಗಿ, ಕಲೆ ಮತ್ತು ಭಾಷೆಗಳು ಮರಳಿ ಮರಳಿ ನಡೆದುಬರುವುದರಿಂದ ಉಳಿಯುತ್ತವೆ; ಅವುಗಳ ಸಂರಕ್ಷಣೆ ಎಂದರೆ ಅವು ನಡೆಯುವ ದಾರಿಗಳ ಸಂರಕ್ಷಣೆ.

ಕರ್ನಾಟಕದ ಹೊರಗೆ ಕನ್ನಡವನ್ನು ಅಭ್ಯಾಸ ಮಾಡುವವರಿಗೆ ಮೂರನೆಯ ಮಾತು ವಿಶೇಷವಾಗಿ ಸಲ್ಲುತ್ತದೆ. ವಲಸೆ ಬಂದ ಮೊದಲ ಪೀಳಿಗೆಯು ಭಾಷೆಯನ್ನು ಹೊತ್ತು ತಂದಿತು. ಮಕ್ಕಳು ಅದನ್ನು ಮನೆಯಲ್ಲಿ ಕೇಳಿದರು. ಮೊಮ್ಮಕ್ಕಳ ಪಾಲಿಗೆ ಅದು ಹಲವೆಡೆ ಅಜ್ಜಿಯೊಡನೆ ಆಡುವ ಮಾತಾಗಿ ಉಳಿದಿದೆ. ಇಂಥಲ್ಲಿ ಒಂದು ವಿಭಾಗ, ಒಂದು ಗ್ರಂಥಾಲಯ, ಒಂದು ರಾತ್ರಿಶಾಲೆ ನೆಲೆನಿಂತಿರುವುದು ಅಗತ್ಯ. ದಾರಿಹೋಕನಿಗೆ ನೆರಳು ಬೇಕೇ ಬೇಕು. ಆದರೆ ನೆರಳಿಗೆ ಅರ್ಥ ಬರುವುದು ದಾರಿಯಲ್ಲಿ ಜನ ನಡೆಯುತ್ತಿರುವಾಗ. ನಿಂತ ಸಂಸ್ಥೆಯು ನಡೆಯುವ ನುಡಿಗೆ ನೆರವಾಗುತ್ತಿದೆಯೇ ಎಂಬುದನ್ನು ಆಗಾಗ ಪರೀಕ್ಷಿಸಿಕೊಳ್ಳುವುದು ಅಲ್ಲಿ ಕಲಿಸುವವರ ಮತ್ತು ಕಲಿಯುವವರ ಹೊಣೆಯಾಗಿದೆ.